ಬರೆಹಗಾರನೂ ವಾಚಕವರ್ಗವೂ: ವಿಜಯಪುರ ಸೀಮೆಯ ಅನುಭವ ಮತ್ತು ಇಂದಿನ ಜಾಲತಾಣಗಳು

2024ನೆಯ ಇಸವಿಯ ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಇಂಡಿ ತಾಲೂಕಿನ ಲಚ್ಯಾಣ ಗ್ರಾಮದ ಹೆಸರು ನಾಡಿನಾದ್ಯಂತ ಹಬ್ಬಿತು. ಅಲ್ಲಿಯ ಹೊಲವೊಂದರ ಕೊಳವೆಬಾವಿಯಲ್ಲಿ ಬಿದ್ದಿದ್ದ ಎಳೆಯ ಮಗುವನ್ನು ರಕ್ಷಣಾದಳದವರು ಜೀವಸಹಿತ ಮೇಲೆತ್ತುವವರೆಗೂ ಜನರು ತಮ್ಮ ಮೊಬೈಲುಗಳಿಂದ ಕಣ್ಣು ಕೀಳಲಿಲ್ಲ. ಅದುವರೆಗೆ ಹೊರಗಿನವರಿಗೆ ಲಚ್ಯಾಣವೆಂದರೆ ಸಿದ್ಧಲಿಂಗ ಮಹಾರಾಜರ ಮಠ, ಇಲ್ಲವೆ ಸೊಲ್ಲಾಪುರ-ಗದಗ ರೈಲುಮಾರ್ಗದ ಒಂದು ಚಿಕ್ಕ ನಿಲ್ದಾಣ. ಕೆಲವು ದಿನಗಳಲ್ಲಿಯೇ ಆ ಕಣ್ಣುಗಳು ಬೇರೆಡೆಗೆ ತಿರುಗಿದವು. ಇದರಲ್ಲಿ ತಪ್ಪೇನೂ ಇಲ್ಲ. ಸುದ್ದಿಯ ಸ್ವಭಾವವೇ ಅಂಥದು. ಆದರೆ ಜಾಲತಾಣಗಳ ಮೂಲಕ ತಮ್ಮ ಪುಸ್ತಕಗಳಿಗೆ ವಾಚಕರನ್ನು ದೊರಕಿಸಿಕೊಳ್ಳಬಯಸುವ ನಮ್ಮ ಬರೆಹಗಾರರಲ್ಲಿ ಅನೇಕರು ನೋಡುವವರನ್ನೂ ಓದುವವರನ್ನೂ ಒಂದೇ ಎಂದು ಎಣಿಸುತ್ತಿರುವರು. ಈ ಭೇದವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ಇತಿಹಾಸದಲ್ಲಿಯೇ ಅದಕ್ಕೆ ಬೇಕಾದ ಸಾಮಗ್ರಿಯುಂಟು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ವಚನಗಳ ಓಲೆಗರಿಗಳನ್ನು ಅರಸುತ್ತ ಊರೂರು, ಮನೆಮನೆ ತಿರುಗಿದ ಸಂಗತಿ ಸರ್ವವಿದಿತ. ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಪ್ರಕಟವಾಯಿತು. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ಅದಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯೂ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆಯೂ ಹೊರಟವು. ಇಲ್ಲಿ ಗಮನಿಸತಕ್ಕ ಅಂಶ ಎರಡು. ಓಲೆಯ ಕಟ್ಟನ್ನು ಕೊಟ್ಟ ಮನೆತನವು ಗ್ರಂಥ ಅಚ್ಚಾಗುವ ಮೊದಲೇ ಅದರೊಡನೆ ಸಂಬಂಧ ಪಡೆದಿತ್ತು; ವಾಚಕನಾಗುವ ಮುನ್ನ ಆತನು ದಾನಿಯಾಗಿದ್ದನು. ಎರಡನೆಯದಾಗಿ, ಅಚ್ಚಿನ ಮೊಳೆಗಳೂ ಚಂದಾದಾರರ ಯಾದಿಯೂ ಹಳಕಟ್ಟಿಯವರ ಕೈಯಲ್ಲಿಯೇ ಇದ್ದವು.

ಇದಕ್ಕಿಂತಲೂ ಸ್ವಾರಸ್ಯವಾದುದು ಹಲಸಂಗಿ ಗೆಳೆಯರ ನಿದರ್ಶನ. ಆಗ ಇಂಡಿ ತಾಲೂಕಿಗೂ ಈಗ ಚಡಚಣ ತಾಲೂಕಿಗೂ ಸೇರಿದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ರೇವಪ್ಪ ಕಾಪಸೆ, ಧೂಲಾಸಾಹೇಬ ಮೊದಲಾದವರು ಕೂಡಿ, ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನೂ ಗಂಡಸರ ಲಾವಣಿಗಳನ್ನೂ ಬರೆದುಕೊಂಡರು. ‘ಗರತಿಯ ಹಾಡು’ (1931), ‘ಜೀವನಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಎಂಬ ಸಂಕಲನಗಳು ಹೀಗೆ ಹುಟ್ಟಿದವು. ಅಂದಿನ ವಿದ್ಯಾವಂತರು ಹಳ್ಳಿಯ ಹಾಡನ್ನು ಸಾಹಿತ್ಯವೆಂದು ಎಣಿಸುವುದು ಅಪರೂಪವಾಗಿತ್ತು. ಈ ಗೆಳೆಯರು ಹೇಳುವುದಕ್ಕಿಂತ ಮೊದಲು ಕೇಳಿದರು. ಆದರೂ ಒಂದು ಕೊರತೆ ಉಳಿಯಿತು. ಹಾಡನ್ನು ಕೊಟ್ಟ ತಾಯಂದಿರಲ್ಲಿ ಬಹುಜನರಿಗೆ ಅಕ್ಷರ ಬಾರದು. ಅವರ ಮಾತು ಪುಸ್ತಕವಾಗಿ ಧಾರವಾಡ, ಬೆಂಗಳೂರುಗಳನ್ನು ಮುಟ್ಟಿತು. ಅವರ ಅಡುಗೆಮನೆಗೆ ಮಾತ್ರ ಓದಲಾಗದ ವಸ್ತುವಾಗಿಯೇ ಹಿಂದಿರುಗಿತು. ಈ ವಿಷಯಕ್ಕೆ ಕೊನೆಯಲ್ಲಿ ಪುನಃ ಬರುವೆನು.

ನಾಡಿನ ಬೇರೆಡೆಗಳಲ್ಲಿಯೂ ಇಂಥ ಯತ್ನಗಳು ನಡೆದಿದ್ದವು. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಮಾರಿದರು. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಿಂದ ಚಂದಾದಾರರ ಬಲದಿಂದ ಬೆಳೆಯಿತು. ಶಿವರಾಮ ಕಾರಂತರು ತಮಗೆ ಬರೆದವರಿಗೆ ತಪ್ಪದೆ ಉತ್ತರ ಬರೆಯುತ್ತಿದ್ದರು. ಒಂದು ಕಾರ್ಡು ಬಂದ ಮನೆಯಲ್ಲಿ ಆ ಲೇಖಕರ ಮುಂದಿನ ಪುಸ್ತಕಕ್ಕೆ ಜಾಗ ಸಿದ್ಧವಾಗುತ್ತಿತ್ತೆಂದು ನನ್ನ ಊಹೆ.

ಇನ್ನು ಇಂದಿನ ಸಾಧನಗಳ ವಿಚಾರ. ಫೇಸ್‌ಬುಕ್ಕಿನಲ್ಲಿ ಒಬ್ಬ ವ್ಯಕ್ತಿಗೆ 5000 ಮಂದಿ ಮಿತ್ರರ ಮಿತಿಯುಂಟು. ‘ಪುಟ’ವನ್ನು ತೆರೆದರೆ ಹಿಂಬಾಲಕರಿಗೆ ಅಂಥ ಮಿತಿಯಿಲ್ಲ. ಆದರೆ ಹಿಂಬಾಲಕರೆಲ್ಲರಿಗೂ ಬರೆಹ ತಲಪುವುದೆಂದು ಭಾವಿಸಬಾರದು. ಯಾರಿಗೆ ಏನನ್ನು ತೋರಿಸಬೇಕೆಂಬುದನ್ನು ಆ ಸಂಸ್ಥೆಯ ಗಣಕಸೂತ್ರವೇ ನಿರ್ಣಯಿಸುವುದು. 2018ರ ಜನವರಿಯಲ್ಲಿ ಆ ಸಂಸ್ಥೆಯು, ಪುಟಗಳ ಬರೆಹಕ್ಕಿಂತ ಬಂಧುಮಿತ್ರರ ಬರೆಹಕ್ಕೆ ಪ್ರಾಶಸ್ತ್ಯ ಕೊಡುವುದಾಗಿ ಸಾರಿತು. 2020ರ ಜೂನ್ 29ರಂದು ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗಲಂತೂ, ಅಲ್ಲಿ ಸಹಸ್ರಾರು ಕೇಳುಗರನ್ನು ಗಳಿಸಿದ್ದ ಹಾಡುಗಾರರು ಅವರೆಲ್ಲರನ್ನೂ ಒಮ್ಮೆಲೇ ಕಳೆದುಕೊಂಡರು. ನಿಷೇಧದ ಯುಕ್ತಾಯುಕ್ತತೆ ಇಲ್ಲಿ ಪ್ರಸ್ತುತವಲ್ಲ. ಕೇಳುಗರ ಯಾದಿ ಹಾಡುಗಾರರ ಬಳಿ ಇರಲಿಲ್ಲವೆಂಬುದೇ ಮುಖ್ಯ. ಹಳಕಟ್ಟಿಯವರ ಚಂದಾದಾರರನ್ನು ಹಾಗೆ ಯಾರೂ ಒಂದೇ ದಿನದಲ್ಲಿ ಅಳಿಸಲಾರದವರಾಗಿದ್ದರು.

ಆದುದರಿಂದ ಜಾಲತಾಣವು ಸಂತೆಯಂತಿರಲಿ, ಮನೆಯಂತಲ್ಲ. ಅಲ್ಲಿ ಪರಿಚಯವಾದವರಲ್ಲಿ ನಿಜವಾಗಿ ಓದುವವರ ಹೆಸರನ್ನೂ ದೂರವಾಣಿ ಇಲ್ಲವೆ ಇ-ಅಂಚೆ ವಿಳಾಸವನ್ನೂ ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳುವುದು ಬರೆಹಗಾರನ ಮೊದಲ ಕೆಲಸ. ವಾಟ್ಸ್‌ಆಪಿನ ‘ಬ್ರಾಡ್‌ಕಾಸ್ಟ್’ ಪಟ್ಟಿ ಇದಕ್ಕೆ ಅನುಕೂಲವಾದುದು. ಒಂದು ಪಟ್ಟಿಯಲ್ಲಿ 256 ಮಂದಿಗೆ ಎಡೆಯುಂಟು. ಕಳುಹಿಸಿದವನ ಸಂಖ್ಯೆಯನ್ನು ತನ್ನ ಮೊಬೈಲಿನಲ್ಲಿ ಉಳಿಸಿಕೊಂಡವನಿಗೆ ಮಾತ್ರ ಅದು ತಲಪುವುದು. ಕೆಲವರು ಇದನ್ನು ದೋಷವೆನ್ನುವರು. ನನಗಾದರೋ ಇದು ಗುಣವಾಗಿಯೇ ತೋರುವುದು. ಹಿಂದೆ ಚಂದಾ ಕಳುಹಿಸುತ್ತಿದ್ದಂತೆ ಈಗಲೂ ವಾಚಕನು ಒಂದು ಹೆಜ್ಜೆ ಮುಂದಿಡಬೇಕಾಗುವುದು.

ಕಳುಹಿಸುವುದೇನು? ಬಿಡುಗಡೆಯ ಆಹ್ವಾನಪತ್ರಿಕೆ, ಹಾರ ಹಾಕಿಸಿಕೊಂಡ ಚಿತ್ರ, ಪ್ರಶಸ್ತಿಯ ವಾರ್ತೆ ಇವೇ ಹೆಚ್ಚು. ನಾನೂ ಒಮ್ಮೆ ನನ್ನ ಲೇಖನವೊಂದನ್ನು ವಿದ್ಯಾರ್ಥಿಗಳ ಗುಂಪಿಗೆ ಕಳುಹಿಸಿದೆನು. ಹೆಬ್ಬೆರಳಿನ ಗುರುತುಗಳು ಧಾರಾಳವಾಗಿ ಬಂದವು. ಮರುದಿನ ತರಗತಿಯಲ್ಲಿ ಕೇಳಲಾಗಿ ಓದಿದವರು ಇಬ್ಬರು. ಮುಂದಿನ ಸಲ ಲೇಖನದ ಬದಲು ಒಂದು ಪ್ರಶ್ನೆಯನ್ನು ಕಳುಹಿಸಿದೆನು: ನಿಮ್ಮ ಊರಿನಲ್ಲಿ ಬರಗಾಲದ ವರ್ಷಗಳನ್ನು ಯಾವ ಹೆಸರಿನಿಂದ ಕರೆಯುವರು? ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಿಂದ ಅಜ್ಜ-ಅಜ್ಜಿಯರ ಮಾತುಗಳು ಬಂದವು. ಆ ಉತ್ತರಗಳನ್ನು ಸೇರಿಸಿ ಬರೆದ ಲೇಖನವನ್ನು, ಉತ್ತರ ಕೊಟ್ಟವರು ಮನೆಯವರಿಗೆ ಓದಿ ಹೇಳಿದರು. ಹಲಸಂಗಿಯವರು ತೊಂಬತ್ತು ವರ್ಷಗಳ ಹಿಂದೆ ಬಲ್ಲ ಈ ಕ್ರಮವನ್ನು ನಾನು ಆಕಸ್ಮಿಕವಾಗಿ ಕಲಿತೆನು!

ಮೇಲೆ ಹೇಳಿದ ಕೊರತೆಯ ಪರಿಹಾರವೂ ಇಲ್ಲಿಯೇ ಇದೆ. ವಾಟ್ಸ್‌ಆಪಿನಲ್ಲಿ ಅಕ್ಷರದಷ್ಟೇ ಸುಲಭವಾಗಿ ಧ್ವನಿಯೂ ಸಾಗುವುದು. ಕಥೆಗಾರನು ತನ್ನ ಕಥೆಯ ನಾಲ್ಕು ಪುಟಗಳನ್ನು ಇಂಡಿಯ ಆಡುಮಾತಿನ ಧಾಟಿಯಲ್ಲಿಯೇ ಓದಿ ಕಳುಹಿಸಿದರೆ, ಅಕ್ಷರ ಬಾರದ ಅಜ್ಜಿಯೂ ಕೇಳಬಲ್ಲಳು. ತಪ್ಪಿದ ಮಾತನ್ನು ತಿದ್ದಿ ತನ್ನ ಧ್ವನಿಯಲ್ಲಿಯೇ ಮರಳಿ ಕಳುಹಿಸಬಲ್ಲಳು. ಆಗ ಆಕೆಯ ಹಾಡು ಇಲ್ಲವೆ ಮಾತನ್ನು ಪುಸ್ತಕದಲ್ಲಿ ಸೇರಿಸುವ ಮುನ್ನ ಒಪ್ಪಿಗೆ ಕೇಳಿ, ಆಕೆಯ ಹೆಸರನ್ನೂ ಊರನ್ನೂ ಆಕೆ ಬಯಸಿದ ರೀತಿಯಲ್ಲಿ ಅಚ್ಚು ಮಾಡಿಸತಕ್ಕದ್ದು. ಪುಸ್ತಕ ಹೊರಬಂದ ದಿನ ಆ ಪುಟವನ್ನು ಓದಿದ ಧ್ವನಿಯು ಮೊದಲು ಹೋಗಬೇಕಾದುದು ಆಕೆಯ ಮನೆಗೆ.