ಎರಡನೆಯ ಮಹಾಯುದ್ಧದ ಆರಂಭಕಾಲ ಮತ್ತು ವಿಜಯಪುರ ಪರಿಸರ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಇಂದಿನ ವಿಜಯಪುರವು ಮುಂಬಯಿ ಪ್ರಾಂತದ ಬಿಜಾಪುರ. ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳು ಆಗ ಬಿಜಾಪುರ ತಾಲ್ಲೂಕಿಗೇ ಸೇರಿದ್ದವು. ಈ ಸೀಮೆಗೆ ಹತ್ತಿರದ ಬೆಳಗಾವಿಯಲ್ಲಿ ನೆಲೆಯಿದ್ದ ಮರಾಠಾ ಲಘು ಪದಾತಿ ದಳದ ಮೂರನೆಯ ಬೆಟಾಲಿಯನ್ 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಹೋರಾಡಿತು.

ಸೈನಿಕನ ಯುದ್ಧ ಹೀಗೆ ಕಡಲಾಚೆ ನಡೆದರೆ, ಊರಲ್ಲುಳಿದವರ ಯುದ್ಧ ಜೋಳದ ಸುತ್ತ ನಡೆಯಿತು. 1942ರ ಮಾರ್ಚ್‌ನಲ್ಲಿ ರಂಗೂನ್ ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ಬರುವುದು ನಿಂತಿತು. ಬಿಳಿಜೋಳ ಬೆಳೆದುಣ್ಣುವ ಎರೆಭೂಮಿಗೆ ಅಕ್ಕಿಯ ಅಭಾವ ನೇರವಾಗಿ ತಟ್ಟುವಂಥದ್ದಲ್ಲ. ಆದರೆ ಅದೇ ವರ್ಷ ಮಳೆ ಕೈಕೊಟ್ಟಿತು, ಹಗೇವುಗಳು ಬರಿದಾದವು, ದೇಶದಲ್ಲೆಲ್ಲ ಧಾನ್ಯದ ಬೆಲೆ ಏರಿದ್ದರಿಂದ ಹೊರಗಿನ ಕಾಳೂ ಬಡವರ ಕೈಗೆಟುಕಲಿಲ್ಲ. 1942-43ರ ಬಿಜಾಪುರ ಕ್ಷಾಮವನ್ನು ಕೇವಲ ಬರವೆಂದು ಗಣಿಸಲಾಗದು. ಲೋಹದ ಉಳಿತಾಯಕ್ಕಾಗಿ 1943ರಲ್ಲಿ ಟಂಕಿಸಿದ ತೂತಿನ ಕಾಸು ಆ ಕಾಲದ ಇನ್ನೊಂದು ಕುರುಹು.

ಕದನದ ವಿವರ ಸೇನೆಯ ಕಡತಗಳಲ್ಲಿದೆ. ಹಸಿವಿನ ವಿವರವನ್ನು ಹಗೇವು, ಕಾಸು ಹಾಗೂ ಮನೆತನಗಳ ಮೌಖಿಕ ನೆನಪುಗಳಲ್ಲಿ ಅರಸಬೇಕು. ಆ ಕಾಲ ಕಂಡವರು ವಿರಳವಾಗಿರುವ ಇಂದು ಈ ಸಂಗ್ರಹಕಾರ್ಯ ವಿಳಂಬಕ್ಕೆ ಎಡೆಯಿಲ್ಲದ ಹೊಣೆ.