ಮೀನಿನ ವಯಸ್ಸು ಕೇಳುವ ಕಾಲೇಜು

ಮೀನಿನ ತಲೆಯೊಳಗೆ ಕಲ್ಲಿರುತ್ತದೆ ಎಂದರೆ ತಿಪಟೂರು ಕಡೆಯ ಆ ಹುಡುಗಿ ನಂಬಲಿಲ್ಲ. ನಿವೃತ್ತ ಅಧ್ಯಾಪಕರು ಮಾತ್ರೆ ಡಬ್ಬಿಯೊಂದನ್ನು ತೆಗೆದು, ಕಪ್ಪು ಕಾಗದದ ಮೇಲೆ ಬೆಳ್ಳನೆಯ ಎರಡು ಹರಳು ಉದುರಿಸಿದರು. ಕ್ರೋಕರ್ ಜಾತಿಯ ಮೀನಿನವು, ಗಾತ್ರ ಹುಣಸೆಬೀಜದಷ್ಟು. ಒಂದು ಮುಖ ಉಬ್ಬು, ಇನ್ನೊಂದು ಮುಖದಲ್ಲಿ ಗೀರಿದಂತೆ ಒಂದು ಕಾಲುವೆ. "ಕಿವಿಗಲ್ಲು ಮಗಾ. ಮೀನಿಗೆ ಕೇಳಿಸುವುದೂ ಇದರಿಂದ, ಮಗುಚಿಕೊಳ್ಳದೆ ಈಜುವುದೂ ಇದರಿಂದ" ಎಂದರು.

ಮಂಗಳೂರಿನ ಪಂಪ್‌ವೆಲ್ ದಾಟಿ ಕೇರಳದ ಹೆದ್ದಾರಿ ಹಿಡಿದರೆ ಎಕ್ಕೂರು. ಮೀನುಗಾರಿಕಾ ಕಾಲೇಜು ಇರುವುದು ಅಲ್ಲಿ. ಮಂಗಳೂರಿಗೆ ಮೆಡಿಕಲ್, ಎಂಜಿನಿಯರಿಂಗ್ ಎಂದು ಬರುವ ಸಾವಿರಾರು ಮಕ್ಕಳ ತಂದೆತಾಯಂದಿರಿಗೆ ಹೀಗೊಂದು ಕಾಲೇಜು ಇರುವುದೇ ಗೊತ್ತಿರುವುದಿಲ್ಲ. ಪರಿಚಯದ ರೈತರೊಬ್ಬರು ಮಗಳನ್ನು ಕರೆದುಕೊಂಡು ಕಾಲೇಜು ನೋಡಲು ಹೊರಟಾಗ ನಾನೂ ಜೊತೆಯಾದೆ. ಕಿವಿಗಲ್ಲಿನ ಮೇಷ್ಟ್ರ ಬಗ್ಗೆ ಕೇಳಿದ್ದೆ, ಅವರನ್ನು ಕಾಣಬೇಕಿತ್ತು.

ಈ ಕಲ್ಲು ಮೀನು ಬೆಳೆದಂತೆಲ್ಲ ಪದರದ ಮೇಲೆ ಪದರ ಸುಣ್ಣ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಅದನ್ನು ತೆಳ್ಳಗೆ ಕೊಯ್ದು, ಉಜ್ಜಿ ನುಣುಪು ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಬಳೆಗಳು ಕಾಣುತ್ತವೆ. ಚಳಿಗಾಲ ಬಿಗಿಯಾಗಿರುವ ದೇಶಗಳ ಮೀನಿನಲ್ಲಿ ವರ್ಷಕ್ಕೊಂದು ಬಳೆ ಸ್ಪಷ್ಟ. ನಮ್ಮ ಕಡಲು ವರ್ಷವಿಡೀ ಬೆಚ್ಚಗೆ, ಹಾಗಾಗಿ ಎಣಿಕೆ ಕಷ್ಟ. ಆದರೆ ಎಳೆಯ ಮೀನಿನಲ್ಲಿ ದಿನಕ್ಕೊಂದರಂತೆ ಕೂದಲೆಳೆಗಿಂತ ಸಣ್ಣ ಬಳೆ ಮೂಡಿರುತ್ತದೆ. ಅದನ್ನು ಎಣಿಸಿ ಆ ಮರಿ ಎಂದು ಹುಟ್ಟಿತೆಂದು ಹೇಳಬಹುದು. ಕಲ್ಲಿನ ಆಕಾರವೂ ಜಾತಿಗೊಂದು ಬಗೆ. ದೊಡ್ಡ ಮೀನಿನ ಹೊಟ್ಟೆಯಲ್ಲಿ ಎಲ್ಲ ಕರಗಿ ಕಲ್ಲು ಮಾತ್ರ ಉಳಿದಿದ್ದರೂ, ಅದು ನುಂಗಿದ್ದು ಯಾವ ಮೀನನ್ನು ಎಂದು ಗುರುತಿಸಲು ಸಾಧ್ಯ.

ವಯಸ್ಸು ತಿಳಿದು ಆಗುವುದೇನು ಎಂದು ಹುಡುಗಿ ಕೇಳಿದಳು. ಮೇಷ್ಟ್ರು ರಂಪಣಿಯ ಕಾಲಕ್ಕೆ ಹೋದರು. ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ಬಲೆ ಅದು. ಬಂಗುಡೆ, ಭೂತಾಯಿ ತಾವಾಗಿ ದಡದ ಹತ್ತಿರ ಬಂದಾಗಲೇ ಬೀಸಬೇಕಿತ್ತು. 1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದು ಆ ಹಿಂಡುಗಳನ್ನು ಕಡಲಿನಲ್ಲೇ ಸುತ್ತುಗಟ್ಟತೊಡಗಿದ ಮೇಲೆ ರಂಪಣಿ ಕುಸಿಯಿತು. ಮೊಟ್ಟೆ ಇಡುವ ಮೊದಲೇ ಹಿಡಿದ ಮೀನೆಷ್ಟು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಮೀನಿನ ವಯಸ್ಸು ಗೊತ್ತಿರಲೇಬೇಕು. ಈಗ ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುವ ನಿಯಮದ ಬೆನ್ನಿಗಿರುವುದೂ ಇಂಥ ಲೆಕ್ಕಾಚಾರವೇ.

ಕಾಲೇಜಿನ ಚರಿತ್ರೆ ಅವರು ಹೇಳಿದ್ದು ಇಷ್ಟು: ಶುರುವಾದದ್ದು 1969ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿ. ಮೀನುಗಾರಿಕೆಯಲ್ಲೇ ಪದವಿ ಕೊಡುವ ಕಾಲೇಜು ದೇಶದಲ್ಲಿ ಅದೇ ಮೊದಲು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬಿ.ಎಫ್.ಎಸ್‌ಸಿ. ನಾಲ್ಕು ವರ್ಷ. ಮೀನು ಸಾಕಣೆ, ಸಂಸ್ಕರಣೆ, ಬಲೆ–ದೋಣಿ, ನೀರಿನ ಪರೀಕ್ಷೆ, ಮೀನಿನ ರೋಗ ಎಲ್ಲವೂ ಪಾಠದಲ್ಲಿವೆ.

ಅಪ್ಪನಿಗೆ ಕಡಲಿನ ಮಾತು ಅಷ್ಟಾಗಿ ತಾಗಲಿಲ್ಲ. "ಸಾರ್, ನಮ್ಮೂರಲ್ಲಿರೋದು ಕೆರೆ. ಮೀನು ಟೆಂಡರ್ ಹಿಡಿದೋರು ಎಲ್ಲಿಂದಲೋ ಮರಿ ತಂದು ಬಿಡ್ತಾರೆ, ಅರ್ಧ ಸಾಯ್ತವೆ" ಎಂದರು. ಮೇಷ್ಟ್ರ ಮುಖ ಅರಳಿತು. ಕೆರೆಗೆ ಬಿಡುವ ಕಾಟ್ಲಾ, ರೋಹು ಹರಿವ ಹೊಳೆಯ ಮೀನುಗಳು, ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ, ಬೇರೆ ಮೀನಿನ ಮಿದುಳ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅರೆದು ಚುಚ್ಚಿ, ಇಂಥ ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಸಂಜೆ ಹೆಣ್ಣಿಗೆ ಒಂದು ಚುಚ್ಚು, ಸುಮಾರು ಆರು ಗಂಟೆ ಬಿಟ್ಟು ಇನ್ನೊಂದು, ಆಗಲೇ ಗಂಡಿಗೂ ಒಂದು, ಬೆಳಗಾಗುವಷ್ಟರಲ್ಲಿ ಮೊಟ್ಟೆ. ಈಗ ಸಿದ್ಧ ಹಾರ್ಮೋನಿನ ಒಂದೇ ಚುಚ್ಚು ಸಾಕು. "ಮರಿ ತಂದ ಚೀಲವನ್ನು ಹಾಗೇ ಕೆರೆ ನೀರಲ್ಲಿ ಸ್ವಲ್ಪ ಹೊತ್ತು ತೇಲಿಬಿಡಿ ಮಾರಾಯ್ರೆ. ಒಳಗಿನ ನೀರು, ಹೊರಗಿನ ನೀರು ಒಂದೇ ಹದಕ್ಕೆ ಬಂದ ಮೇಲೆ ಬಿಚ್ಚಿ. ಸಾಯೋವುಗಳಲ್ಲಿ ಅರ್ಧ ಉಳೀತವೆ." ಇಷ್ಟು ಹೇಳಿಕೊಡುವವರು ನಮ್ಮ ಎಷ್ಟು ಕೆರೆಗಳ ದಡದಲ್ಲಿದ್ದಾರೆ? ಸಾವಿರಾರು ಕೆರೆಗಳಿರುವ ರಾಜ್ಯದಲ್ಲಿ ಈ ಓದು ಕರಾವಳಿಯವರಿಗೆ ಮಾತ್ರ ಎಂಬ ಭಾವನೆ ಉಳಿದುಬಿಟ್ಟಿದೆ, ಅದು ನನಗೆ ನೋವಿನ ಸಂಗತಿ.

ಕೆಲಸದ ಪ್ರಶ್ನೆಯೂ ಬಂತು. ಮೀನುಗಾರಿಕೆ ಇಲಾಖೆ, ಸಂಶೋಧನಾ ಸಂಸ್ಥೆಗಳು, ಸಿಗಡಿ ಸಾಕಣೆ, ರಫ್ತು ಘಟಕ, ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆ ಎಂದು ಮೇಷ್ಟ್ರು ಹೇಳಿದರು. ಇಲಾಖೆಯ ನೇಮಕಾತಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ ಎಂಬುದನ್ನೂ ಮುಚ್ಚಿಡಲಿಲ್ಲ.

ಹೊರಡುವಾಗ ಹುಡುಗಿ, ಆಪ್ಷನ್ ಎಂಟ್ರಿಯಲ್ಲಿ ವೆಟರ್ನರಿ ಮೊದಲು, ಇದು ಎರಡನೆಯದು ಎಂದು ಸಂಕೋಚದಿಂದಲೇ ಹೇಳಿದಳು. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ತಮ್ಮ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಬೇರೆ ಸೀಟು ಸಿಗದೆ ಬಂದವರೇ ಎಂದರು. ಮೊದಲನೆಯದಾಗಿ ಇದನ್ನೇ ಬರೆದು ಬರುವ ಮಕ್ಕಳಿಗೆ ಪಾಠ ಹೇಳುವ ಆಸೆಯಿತ್ತು, ಅಷ್ಟರಲ್ಲಿ ನಿವೃತ್ತಿಯಾಯಿತು ಎಂದೂ ಸೇರಿಸಿದರು.