ಬಳಸಿದ ಪೆಟ್ರೋಲ್ ಎಸ್‌ಯುವಿ ಖರೀದಿ

ಬಳಸಿದ ಪೆಟ್ರೋಲ್ ಎಸ್‌ಯುವಿ ಖರೀದಿ ಎಂದರೆ, ಈಗಾಗಲೇ ಒಬ್ಬರ ಅಥವಾ ಹಲವರ ಒಡೆತನದಲ್ಲಿ ಓಡಿರುವ, ಪೆಟ್ರೋಲ್ ಎಂಜಿನ್ ಹೊಂದಿದ, ಕುಟುಂಬದ ಬಳಕೆಗೆ ಯೋಗ್ಯವಾದ ಎಸ್‌ಯುವಿ ವರ್ಗದ ಕಾರನ್ನು ಕೊಳ್ಳುವ ವ್ಯವಹಾರ. ಆಡುಮಾತಿನಲ್ಲಿ ಇಂತಹ ವಾಹನವನ್ನು ‘ಸೆಕೆಂಡ್ ಹ್ಯಾಂಡ್ ಗಾಡಿ’ ಎನ್ನುತ್ತಾರೆ. ಈ ಲೇಖನವು ಭಾರತದಲ್ಲಿನ ಖರೀದಿಯ ಕ್ರಮವನ್ನು ವಿವರಿಸುತ್ತದೆ. ಭಾರತದಲ್ಲಿ ಹಣ ಕೊಟ್ಟು ಕೀಲಿ ಪಡೆದ ಮಾತ್ರಕ್ಕೆ ಈ ವ್ಯವಹಾರ ಪೂರ್ಣಗೊಳ್ಳುವುದಿಲ್ಲ. ನೋಂದಣಿ ಪ್ರಮಾಣಪತ್ರದಲ್ಲಿ (ಆರ್‌ಸಿ) ಯಾರ ಹೆಸರಿದೆಯೋ ಅವರೇ ಕಾನೂನಿನ ದೃಷ್ಟಿಯಲ್ಲಿ ಸಾಮಾನ್ಯವಾಗಿ ಮಾಲೀಕರು. ಆದುದರಿಂದ ಎಂಜಿನ್ನಿನ ಪರೀಕ್ಷೆಯಷ್ಟೇ ದಾಖಲೆಗಳ ಪರೀಕ್ಷೆಯೂ ಮುಖ್ಯವಾದುದು.

ವಾಹನದ ವರ್ಗ

ನೆಲದಿಂದ ಹೆಚ್ಚು ಎತ್ತರವಿರುವ ತಳ, ಎತ್ತರದ ಆಸನಗಳು ಮತ್ತು ವಿಶಾಲವಾದ ಡಿಕ್ಕಿ ಈ ವರ್ಗದ ಸಾಮಾನ್ಯ ಲಕ್ಷಣಗಳು. ಭಾರತದ ಮಾರುಕಟ್ಟೆಯಲ್ಲಿ ಇವನ್ನು ಸ್ಥೂಲವಾಗಿ ಎರಡು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು 4 ಮೀಟರಿಗಿಂತ ಕಡಿಮೆ ಉದ್ದದ ಕಿರು ಎಸ್‌ಯುವಿಗಳು. ಫೋರ್ಡ್ ಇಕೋಸ್ಪೋರ್ಟ್, ಟಾಟಾ ನೆಕ್ಸಾನ್, ಮಾರುತಿ ಸುಜುಕಿ ಬ್ರೆಝಾ ಇದಕ್ಕೆ ಉದಾಹರಣೆಗಳು. ಎರಡನೆಯದು ಅದಕ್ಕಿಂತ ಉದ್ದನೆಯವು. ಹ್ಯುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಮಹೀಂದ್ರ ಎಕ್ಸ್‌ಯುವಿ700 ಈ ಗುಂಪಿಗೆ ಸೇರುತ್ತವೆ.

ಮಾದರಿಯ ಇತಿಹಾಸವನ್ನು ತಿಳಿದಿದ್ದರೆ ಜಾಹೀರಾತಿನ ತಪ್ಪುಗಳನ್ನು ಸುಲಭವಾಗಿ ಗುರುತಿಸಬಹುದು. 2016ರಲ್ಲಿ ಬಿಡುಗಡೆಯಾದ ವಿಟಾರಾ ಬ್ರೆಝಾ ಮೊದಲಿಗೆ ಡೀಸೆಲ್ ಎಂಜಿನ್ನಿನಲ್ಲಿ ಮಾತ್ರ ದೊರೆಯುತ್ತಿತ್ತು. ಪೆಟ್ರೋಲ್ ಎಂಜಿನ್ ಬಂದದ್ದು 2020ರಲ್ಲಿ. ಹೀಗಾಗಿ ‘2018ರ ಪೆಟ್ರೋಲ್ ಬ್ರೆಝಾ’ ಎಂಬ ವಿವರಣೆ ಕಂಡಲ್ಲಿ ವರ್ಷವೋ ಇಂಧನವೋ ತಪ್ಪಾಗಿದೆ ಎಂದು ತಿಳಿಯಬೇಕು. ಫೋರ್ಡ್ ಸಂಸ್ಥೆಯು ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು. ತಯಾರಿಕೆ ನಿಂತ ಮಾದರಿಗಳು ಅಗ್ಗವಾಗಿ ದೊರೆತರೂ ಬಿಡಿಭಾಗಗಳು ಮತ್ತು ಸರ್ವಿಸ್ ಕೇಂದ್ರಗಳು ಸಮೀಪದಲ್ಲಿ ಲಭ್ಯವಿವೆಯೇ ಎಂಬುದನ್ನು ಮೊದಲೇ ವಿಚಾರಿಸುವುದು ಉಚಿತ.

ಪೆಟ್ರೋಲ್ ಎಂಜಿನ್ನಿನ ಆಯ್ಕೆ

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ಮಾನದಂಡಗಳು ಜಾರಿಗೆ ಬಂದವು. ಇವುಗಳಿಗೆ ಅನುಗುಣವಾಗಿ ಡೀಸೆಲ್ ಕಾರುಗಳಲ್ಲಿ ಮಸಿಕಣಗಳನ್ನು ಹಿಡಿದಿಡುವ ಶೋಧಕವನ್ನು ಅಳವಡಿಸಲಾಯಿತು. ಈ ಶೋಧಕವು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳಲು ವಾಹನ ಆಗಾಗ ದೀರ್ಘಕಾಲ, ಸಾಕಷ್ಟು ವೇಗದಲ್ಲಿ ಓಡಬೇಕು. ನಗರದೊಳಗಿನ ಕಿರು ಓಡಾಟದಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು. ಶಾಲೆ, ಕಚೇರಿ, ಮಾರುಕಟ್ಟೆಗಳ ನಡುವೆ ಓಡುವ ಕುಟುಂಬದ ವಾಹನಕ್ಕೆ ಪೆಟ್ರೋಲ್ ಎಂಜಿನ್ ಹೊಂದಿಕೊಳ್ಳಲು ಇದೊಂದು ಕಾರಣ.

ಇಂಧನದ ವೆಚ್ಚವನ್ನು ಲೆಕ್ಕ ಹಾಕಿಯೇ ನೋಡಬೇಕು. ತಿಂಗಳಿಗೆ 800 ಕಿ.ಮೀ. ಓಡುವ ಕುಟುಂಬವೊಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಲೀಟರಿಗೆ 14 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಸುಮಾರು 57 ಲೀಟರ್, 18 ಕಿ.ಮೀ. ಕೊಡುವ ಡೀಸೆಲ್ ಕಾರಿಗೆ ಸುಮಾರು 44 ಲೀಟರ್ ಇಂಧನ ಬೇಕಾಗುತ್ತದೆ. ಓಡಾಟ ಇದರ ಎರಡು-ಮೂರು ಪಟ್ಟು ಹೆಚ್ಚಿದ್ದಾಗ ಮಾತ್ರ ಈ ವ್ಯತ್ಯಾಸವು ಡೀಸೆಲ್ ಕಾರಿನ ಹೆಚ್ಚಿನ ಬೆಲೆಯನ್ನು ಬೇಗ ಸರಿದೂಗಿಸುತ್ತದೆ.

ದೆಹಲಿ ಮತ್ತು ಸುತ್ತಲಿನ ರಾಷ್ಟ್ರೀಯ ರಾಜಧಾನಿ ಪ್ರದೇಶದಲ್ಲಿ ವಾಹನದ ವಯಸ್ಸೂ ಪರಿಗಣನೆಗೆ ಬರುತ್ತದೆ. ಅಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿರ್ಬಂಧಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ನ್ಯಾಯಾಲಯ ಈ ವಿಷಯವನ್ನು ಮತ್ತೆ ಪರಿಗಣಿಸಿ ಕ್ರಮಗಳನ್ನು ಸಡಿಲಿಸಿತು. ಈ ನಿರ್ಬಂಧದ ಫಲವಾಗಿ ಅಲ್ಲಿನ ಹಳೆಯ ವಾಹನಗಳು ಇತರ ರಾಜ್ಯಗಳ ಮಾರುಕಟ್ಟೆಗಳಿಗೆ ಹರಿದುಬಂದಿವೆ.

ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ (ಇ20) ಈಗ ವ್ಯಾಪಕವಾಗಿ ಮಾರಾಟವಾಗುತ್ತಿದೆ. ಪ್ರತಿ ಲೀಟರ್ ಎಥನಾಲಿನಲ್ಲಿರುವ ಶಕ್ತಿಯು ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ ಮಾತ್ರವಾದುದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೆಯ ವಾಹನಗಳಲ್ಲಿ ಇಂಧನ ಸಾಗಿಸುವ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳು ಬೇಗ ಸವೆಯಬಹುದು. ನಿರ್ದಿಷ್ಟ ಮಾದರಿ ಇ20ಕ್ಕೆ ಹೊಂದುತ್ತದೆಯೇ ಎಂಬುದು ಅದರ ಬಳಕೆದಾರರ ಕೈಪಿಡಿಯಿಂದ ಅಥವಾ ತಯಾರಕರಿಂದ ತಿಳಿಯುತ್ತದೆ.

ಮಾರಾಟದ ಮಾರ್ಗಗಳು ಮತ್ತು ಬೆಲೆ

ಬಳಸಿದ ವಾಹನವನ್ನು ಮಾಲೀಕರಿಂದ ನೇರವಾಗಿ, ದಲ್ಲಾಳಿಯ ಮೂಲಕ, ಅಥವಾ ಬಳಸಿದ ಕಾರುಗಳ ಮಾರಾಟಗಾರರಿಂದ ಕೊಳ್ಳಬಹುದು. ನೇರ ಖರೀದಿಯಲ್ಲಿ ವಾಹನದ ಪೂರ್ವೇತಿಹಾಸ ತಿಳಿಯುವ ಅವಕಾಶ ಹೆಚ್ಚು. ಮಾರಾಟಗಾರರಲ್ಲಿ ಕೆಲವೊಮ್ಮೆ ಖಾತರಿ ದೊರೆಯುತ್ತದೆ. ಅದು ಯಾವ ಭಾಗಗಳಿಗೆ, ಎಷ್ಟು ಕಾಲ ಅನ್ವಯಿಸುತ್ತದೆ ಎಂಬುದು ಬರಹದಲ್ಲಿರಬೇಕು.

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ನೋಂದಾಯಿತ ವಾಹನಗಳ ಮಾರಾಟಗಾರರು ಸಾರಿಗೆ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು. ವಾಹನವನ್ನು ಅವರ ವಶಕ್ಕೆ ಕೊಟ್ಟ ಸಂಗತಿಯನ್ನು ನಮೂನೆ 29ಸಿ ಮೂಲಕ ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ ಅವರನ್ನೇ ಆ ವಾಹನದ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಇಂತಹ ಮಾರಾಟಗಾರರಿಗೆ 2025ರ ಜನವರಿಯಿಂದ ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆ. ಆದರೆ ಅದು ವಾಹನದ ಪೂರ್ಣ ಬೆಲೆಗಲ್ಲ, ಮಾರಾಟಗಾರರ ಲಾಭಾಂಶಕ್ಕೆ ಮಾತ್ರ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಈ ತೆರಿಗೆ ಇಲ್ಲ.

ಬೆಲೆಯ ಅಂದಾಜಿಗೆ ವಿಮೆಯ ಸವಕಳಿ ಕ್ರಮ ಒಂದು ಆರಂಭಿಕ ಅಳತೆ. ಅದರಂತೆ ಹೊಸ ಕಾರಿನ ಬೆಲೆಯಲ್ಲಿ ಮೊದಲ 6 ತಿಂಗಳಿಗೆ ಶೇ. 5, ಒಂದು ವರ್ಷದವರೆಗೆ ಶೇ. 15, ಎರಡು ವರ್ಷದವರೆಗೆ ಶೇ. 20, ಮೂರು ವರ್ಷದವರೆಗೆ ಶೇ. 30, ನಾಲ್ಕು ವರ್ಷದವರೆಗೆ ಶೇ. 40 ಮತ್ತು ಐದು ವರ್ಷದವರೆಗೆ ಶೇ. 50 ಕಳೆಯಲಾಗುತ್ತದೆ. ಮಾರುಕಟ್ಟೆಯ ಬೆಲೆ ಬೇಡಿಕೆಗೆ ತಕ್ಕಂತೆ ಇದಕ್ಕಿಂತ ಹೆಚ್ಚೋ ಕಡಿಮೆಯೋ ಇರಬಹುದು. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ಮೇಲಿನ ತೆರಿಗೆ ಇಳಿದುದರಿಂದ, ಅದಕ್ಕೂ ಮೊದಲು ಮಾಲೀಕರು ಕೊಟ್ಟ ಬೆಲೆಯನ್ನಲ್ಲ, ಅದೇ ಮಾದರಿಯ ಇಂದಿನ ಹೊಸ ಬೆಲೆಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸರಿ.

ವಾಹನದ ತಪಾಸಣೆ

ತಪಾಸಣೆಯನ್ನು ಹಗಲು ಬೆಳಕಿನಲ್ಲಿ, ಸಾಧ್ಯವಾದರೆ ನಂಬಿಕೆಯ ಮೆಕ್ಯಾನಿಕ್ ಒಬ್ಬರ ಜೊತೆಗೆ ಮಾಡಬೇಕು. ಮಳೆಯಲ್ಲಿ ನೆನೆದ ಅಥವಾ ಆಗಷ್ಟೇ ತೊಳೆದ ಕಾರಿನಲ್ಲಿ ಬಣ್ಣದ ವ್ಯತ್ಯಾಸಗಳು ಕಾಣಿಸುವುದಿಲ್ಲ.

ಹೊರಮೈ: ಬಾಗಿಲು, ಬಾನೆಟ್ ಮತ್ತು ಡಿಕ್ಕಿಯ ಸಂದುಗಳು ಎರಡೂ ಬದಿಯಲ್ಲಿ ಸಮವಾಗಿರಬೇಕು. ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತು, ಬೀಡಿಂಗ್ ರಬ್ಬರಿನ ಕೆಳಗೆ ಹೊಸ ಬೆಸುಗೆ, ಒಂದೇ ಭಾಗದಲ್ಲಿ ಬೇರೆ ಛಾಯೆಯ ಬಣ್ಣ ಇವು ಅಪಘಾತದ ಸೂಚನೆಗಳು. ಬಂಪರಿನ ಗೀರು ಸಾಮಾನ್ಯ ಸಂಗತಿ. ಆದರೆ ಛಾವಣಿಯನ್ನು ಹೊರುವ ಕಂಬಗಳು ಮತ್ತು ಚಾಸಿಸ್ ಸರಳುಗಳ ದುರಸ್ತಿ ಗಂಭೀರವಾದುದು.

ಎಂಜಿನ್: ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿ ನೋಡಬೇಕು. ಮಾರುವವರು ಅದನ್ನು ಮೊದಲೇ ಬಿಸಿಮಾಡಿಟ್ಟಿದ್ದರೆ ಕೆಲವು ದೋಷಗಳು ಮರೆಯಾಗುತ್ತವೆ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದೂ, ಕಪ್ಪು ಹೊಗೆ ಬಂದರೆ ಇಂಧನ ಅತಿಯಾಗಿ ಹರಿಯುತ್ತಿದೆ ಎಂದೂ, ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಸೇರುತ್ತಿರಬಹುದೆಂದೂ ತಿಳಿಯಲಾಗುತ್ತದೆ. ಚಳಿಯ ಬೆಳಿಗ್ಗೆ ಕಾಣುವ ತೆಳು ಬಿಳಿ ಆವಿ ದೋಷವಲ್ಲ. ಟರ್ಬೊ ಪೆಟ್ರೋಲ್ ಎಂಜಿನ್ನುಗಳು ಆಯಿಲ್ ಬದಲಾವಣೆಯ ವಿಳಂಬವನ್ನು ಸಹಿಸುವುದಿಲ್ಲ. ಅವುಗಳ ವಿಷಯದಲ್ಲಿ ಸರ್ವಿಸ್ ದಾಖಲೆ ವಿಶೇಷ ಮಹತ್ವದ್ದು.

ಗೇರ್: ಏರಿನಲ್ಲಿ ಎಂಜಿನ್ನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಎರಡು ಕ್ಲಚ್ಚುಗಳಿರುವ ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳನ್ನು ದಟ್ಟಣೆಯಲ್ಲಿ ನಿಧಾನವಾಗಿ ಓಡಿಸಿಯೇ ಪರೀಕ್ಷಿಸಬೇಕು. ಆಗ ಎಳೆತ ಅಥವಾ ನಡುಕ ಕಂಡರೆ ದುಬಾರಿ ದುರಸ್ತಿ ಎದುರಾಗಬಹುದು.

ಓಡಿದ ದೂರ: ಓಡೋಮೀಟರಿನ ಅಂಕಿಯನ್ನು ತಿದ್ದಲು ಸಾಧ್ಯವಿದೆ. ಆದುದರಿಂದ ಅದನ್ನು ಸರ್ವಿಸ್ ಬಿಲ್ಲುಗಳ ಅಂಕಿಗಳೊಂದಿಗೂ, ಪೆಡಲ್ ರಬ್ಬರು, ಸ್ಟಿಯರಿಂಗ್ ಮತ್ತು ಚಾಲಕನ ಆಸನದ ಸವೆತದೊಂದಿಗೂ ಹೋಲಿಸಲಾಗುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ‘2321’ ಎಂದರೆ 2021ರ 23ನೇ ವಾರ. ಐದು ವರ್ಷದ ಕಾರು 20,000 ಕಿ.ಮೀ. ಮಾತ್ರ ಓಡಿದೆ ಎನ್ನುವಾಗ ನಾಲ್ಕೂ ಟೈರುಗಳು ಹೊಸದಾಗಿದ್ದರೆ ಕಾರಣ ಕೇಳಬೇಕಾಗುತ್ತದೆ.

ನೆರೆನೀರು: 2015ರ ಚೆನ್ನೈ ನೆರೆ ಮತ್ತು 2022ರ ಸೆಪ್ಟೆಂಬರಿನ ಬೆಂಗಳೂರಿನ ನೆರೆಯಲ್ಲಿ ಅನೇಕ ಕಾರುಗಳು ನೀರಿನಲ್ಲಿ ಮುಳುಗಿದವು. ಇಂತಹ ವಾಹನಗಳ ವಿದ್ಯುತ್ ತಂತಿಗಳು ತಿಂಗಳುಗಳ ಬಳಿಕವೂ ಕೈಕೊಡುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಕಾಣುವ ಮಣ್ಣಿನ ಕಲೆ, ಆಸನದ ಕೆಳಗಿನ ಹಳಿಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ಕೆಸರು ಮತ್ತು ಮುಗ್ಗಲು ವಾಸನೆ ಇದರ ಕುರುಹುಗಳು.

ಸುರಕ್ಷತಾ ಸಾಧನಗಳು

ತಯಾರಿಕೆಯ ದಿನಾಂಕವು ಸುರಕ್ಷತೆಯನ್ನೂ ಸೂಚಿಸುತ್ತದೆ. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಮತ್ತು ವೇಗದ ಎಚ್ಚರಿಕೆಗಳು 2019ರ ಜುಲೈ 1ರಿಂದ ಕಡ್ಡಾಯವಾದವು. ಮುಂದಿನ ಸಹಪ್ರಯಾಣಿಕರ ಏರ್‌ಬ್ಯಾಗ್ 2021ರ ಅಂತ್ಯದ ವೇಳೆಗೆ ಎಲ್ಲ ಮಾದರಿಗಳಿಗೂ ಅನ್ವಯವಾಯಿತು. ಭಾರತ್ ಎನ್‌ಕ್ಯಾಪ್ ಪರೀಕ್ಷೆ ಆರಂಭವಾದದ್ದು 2023ರ ಅಕ್ಟೋಬರಿನಲ್ಲಿ. ಅದಕ್ಕೆ ಹಿಂದಿನ ಕೆಲವು ಮಾದರಿಗಳಿಗೆ ಗ್ಲೋಬಲ್ ಎನ್‌ಕ್ಯಾಪ್ ಅಂಕಗಳು ದೊರೆಯುತ್ತವೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರಬೇಕು. ಅದು ಹೊತ್ತದೇ ಇದ್ದರೆ ದೀಪವನ್ನೇ ತೆಗೆದಿರುವ ಶಂಕೆಗೆ ಎಡೆಯಿದೆ. ತಯಾರಕರು ಆ ಮಾದರಿಯನ್ನು ದುರಸ್ತಿಗಾಗಿ ಹಿಂದಕ್ಕೆ ಕರೆದಿದ್ದರೆ, ಕೆಲಸ ಮುಗಿದಿದೆಯೇ ಎಂಬುದನ್ನು ಚಾಸಿಸ್ ಸಂಖ್ಯೆಯ ಮೂಲಕ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಬಹುದು.

ದಾಖಲೆಗಳ ಪರಿಶೀಲನೆ

ಮುಂಗಡ ಹಣ ಕೊಡುವ ಮೊದಲು ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ವಾಡಿಕೆ.

- ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲಿರುವ ಸಂಖ್ಯೆಗಳಿಗೆ ಸರಿಹೊಂದುತ್ತವೆಯೇ.
- ಮಾರುತ್ತಿರುವವರು ಆರ್‌ಸಿಯಲ್ಲಿ ಹೆಸರಿರುವ ವ್ಯಕ್ತಿಯೇ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಮೊದಲು ನಮೂನೆ 31ರ ಮೂಲಕ ವಾಹನವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿರಬೇಕು.
- ಆರ್‌ಸಿಯಲ್ಲಿ ಬ್ಯಾಂಕಿನ ಅಡಮಾನ ನಮೂದಾಗಿದೆಯೇ. ಸಾಲ ತೀರಿದ್ದರೂ ನಮೂನೆ 35 ಸಲ್ಲಿಸಿ ಆ ನಮೂದನ್ನು ತೆಗೆಸದಿದ್ದರೆ ಅಡಮಾನ ದಾಖಲೆಯಲ್ಲಿ ಉಳಿದೇ ಇರುತ್ತದೆ.
- ಸಂಚಾರ ದಂಡಗಳು ಮತ್ತು ತೆರಿಗೆ ಬಾಕಿ ಇವೆಯೇ.
- ವಿಮೆ ಮತ್ತು ಹೊಗೆ ತಪಾಸಣಾ ಪತ್ರ ಚಾಲ್ತಿಯಲ್ಲಿವೆಯೇ.
- ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಅಳವಡಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿದೆಯೇ.

ನೋಂದಣಿಯ ವಿವರಗಳು ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ತಾಣದಲ್ಲಿ ಹಾಗೂ ಎಂಪರಿವಾಹನ್ ಆ್ಯಪ್‌ನಲ್ಲಿ ದೊರೆಯುತ್ತವೆ. ಖಾಸಗಿ ಕಾರಿನ ನೋಂದಣಿ 15 ವರ್ಷ ಮಾನ್ಯವಾಗಿದ್ದು, ಬಳಿಕ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕಾಗುತ್ತದೆ.

ಮಾಲೀಕತ್ವದ ವರ್ಗಾವಣೆ

ಮೋಟಾರು ವಾಹನ ಅಧಿನಿಯಮ, 1988ರ 50ನೇ ಪ್ರಕರಣವು ವರ್ಗಾವಣೆಯ ಕ್ರಮವನ್ನು ನಿಗದಿಪಡಿಸುತ್ತದೆ. ಅದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದಕ್ಕಾಗಿ ನಮೂನೆ 29 ಮತ್ತು ನಮೂನೆ 30 ಬಳಕೆಯಲ್ಲಿವೆ. ಹೊರರಾಜ್ಯದ ವಾಹನಕ್ಕೆ ಮೂಲ ಆರ್‌ಟಿಓದಿಂದ ನಮೂನೆ 28ರ ಮೂಲಕ ನಿರಾಕ್ಷೇಪಣಾ ಪತ್ರ (ಎನ್‌ಓಸಿ) ಪಡೆಯಬೇಕು. ಹೊರರಾಜ್ಯದ ನೋಂದಣಿಯ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವುದಾದರೆ ಹೊಸ ನೋಂದಣಿ ಸಂಖ್ಯೆ ಅಗತ್ಯ. ಕರ್ನಾಟಕದಲ್ಲಿ ಹೀಗೆ ನೋಂದಾಯಿಸುವಾಗ ವಾಹನದ ವಯಸ್ಸಿಗೆ ಅನುಗುಣವಾಗಿ ಇಳಿಯುವ ದರದಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು. ಹೊರರಾಜ್ಯದ ಕಾರು ಅಗ್ಗವೆನಿಸಿದಾಗ ಈ ತೆರಿಗೆಯನ್ನೂ ಬೆಲೆಗೆ ಸೇರಿಸಿಯೇ ಹೋಲಿಸಬೇಕು.

ವಿಮೆಯನ್ನೂ ಕೊಂಡವರ ಹೆಸರಿಗೆ ಬದಲಾಯಿಸಬೇಕಾಗುತ್ತದೆ. ಮೂರನೆಯವರಿಗಾಗುವ ಹಾನಿಯ ವಿಮೆ ವಾಹನದೊಂದಿಗೇ ವರ್ಗವಾಯಿತೆಂದು 157ನೇ ಪ್ರಕರಣ ಪರಿಗಣಿಸುತ್ತದೆ. ಕೊಂಡವರು 14 ದಿನಗಳೊಳಗೆ ವಿಮಾ ಸಂಸ್ಥೆಗೆ ಅರ್ಜಿ ಸಲ್ಲಿಸಬೇಕು. ಸ್ವಂತ ವಾಹನದ ಹಾನಿಯ ವಿಮೆ ಹಾಗೆ ತಾನಾಗಿ ವರ್ಗವಾಗುವುದಿಲ್ಲ. ಪರಿಹಾರ ಕೇಳದ ವರ್ಷಗಳಿಗೆ ದೊರೆಯುವ ರಿಯಾಯಿತಿ (ಎನ್‌ಸಿಬಿ) ವ್ಯಕ್ತಿಗೆ ಸಂಬಂಧಿಸಿದ್ದು, ವಾಹನಕ್ಕಲ್ಲ. ಅದು ಹಳೆಯ ಮಾಲೀಕರಲ್ಲಿಯೇ ಉಳಿಯುತ್ತದೆ.

ವರ್ಗಾವಣೆ ಮಾಡದಿದ್ದರೆ ಆಗುವ ಪರಿಣಾಮ

ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯವು ಈ ವಿಷಯವನ್ನು ಸ್ಪಷ್ಟಪಡಿಸಿತು. ಕಾರೊಂದು 2007ರಲ್ಲಿ ಮಾರಾಟವಾಗಿ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು; ಆದರೆ ನೋಂದಣಿ ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿತ್ತು. 2009ರಲ್ಲಿ ಆ ಕಾರಿನಿಂದಾದ ಅಪಘಾತದಲ್ಲಿ ಬಾಲಕನೊಬ್ಬ ಮೃತಪಟ್ಟ. ಕಾರು ತನ್ನ ವಶದಲ್ಲಿಲ್ಲದಿದ್ದರೂ ನೋಂದಾಯಿತ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು ನ್ಯಾಯಾಲಯ ತೀರ್ಪಿತ್ತಿತು. ಕಾರನ್ನು ಕೊಂಡವರ ಸರಣಿಯಲ್ಲಿ ಪರಿಹಾರ ಕೊಡಬೇಕಾದವರು ಯಾರು ಎಂದು ಹುಡುಕುತ್ತ ಹೋಗುವ ಭಾರವನ್ನು ನೊಂದ ಕುಟುಂಬದ ಮೇಲೆ ಹೊರಿಸಬಾರದು ಎಂಬುದು ಈ ನಿಲುವಿನ ಹಿಂದಿನ ವಿಚಾರ.

ಹೆಸರು ಬದಲಾಯಿಸಿಕೊಳ್ಳದ ಖರೀದಿದಾರರಿಗೂ ನಷ್ಟವಿದೆ. ಅವರು ಸ್ವಂತ ವಾಹನದ ಹಾನಿಗೆ ವಿಮಾ ಪರಿಹಾರ ಪಡೆಯುವುದು ಕಷ್ಟ. ವಾಹನವನ್ನು ಮರುಮಾರಾಟ ಮಾಡಲು ಹಳೆಯ ಮಾಲೀಕರ ಸಹಿಗಾಗಿ ಕಾಯಬೇಕಾಗುತ್ತದೆ. ಈ ಕಾರಣದಿಂದ ಬೆಲೆಯ ಕೊನೆಯ ಕಂತನ್ನು ಸಹಿ ಮಾಡಿದ ನಮೂನೆಗಳು, ಮೂಲ ಆರ್‌ಸಿ, ವಿಮಾ ಪತ್ರ ಮತ್ತು ಎರಡೂ ಕೀಲಿಗಳು ಕೈಸೇರಿದ ಮೇಲೆಯೇ ಬ್ಯಾಂಕಿನ ಮೂಲಕ ಪಾವತಿಸುವ ಕ್ರಮವಿದೆ. ಹಸ್ತಾಂತರದ ದಿನಾಂಕ ಮತ್ತು ಗಂಟೆಯನ್ನು ನಮೂದಿಸಿ ಇಬ್ಬರೂ ಸಹಿ ಹಾಕಿದ ಪತ್ರವು, ಅದಕ್ಕೆ ಹಿಂದಿನ ದಂಡ ಯಾರದು, ನಂತರದ್ದು ಯಾರದು ಎಂಬ ಪ್ರಶ್ನೆಗೆ ಉತ್ತರವಾಗುತ್ತದೆ. ಆದರೆ ಅಂತಹ ಪತ್ರವು ನೋಂದಣಿಯ ವರ್ಗಾವಣೆಗೆ ಬದಲಿಯಲ್ಲ. ಆರ್‌ಸಿಯಲ್ಲಿ ಹೊಸ ಹೆಸರು ನಮೂದಾದ ದಿನವೇ ಖರೀದಿ ಪೂರ್ಣಗೊಂಡ ದಿನ.